ಹೆಸರು ಕೊರೆಸಿದ ರಿಂಗು

ಪ್ರೀತಿಯ ಪ್ರಿಯಾ,

ನಾರಾಯಣಪೇಟೆಯಿಂದ ನಿನ್ನ ಅಮ್ಮ ಮಾಡುವ ಆಶೀರ್ವಾದ. ಫೋನಿನಲ್ಲಿ ಹೇಳಲು ಬಾಯಿ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಕ್ತಲದ ಗುಡ್ಡದ ಮೇಲೆ ನಡೆದದ್ದನ್ನು ನೆನೆದರೆ ನಾಚಿಕೆಯಿಂದ ಮುಖ ಎಲ್ಲಿಡಲೆಂದು ತಿಳಿಯುವುದಿಲ್ಲ.

ಎರಡು ಬಂಡೆಗಳ ನಡುವೆ ಪಟ್ಟಿ ಬಿಗಿದು, ಅಷ್ಟು ಎತ್ತರದಲ್ಲಿ ಅದರ ಮೇಲೆ ನಡೆಯುವ ನಿನ್ನ ಹುಚ್ಚು ನನಗೆ ಇಂದಿಗೂ ಅರ್ಥವಾಗಿಲ್ಲ. ಸೊಂಟದ ಹಗ್ಗವನ್ನು ಪಟ್ಟಿಯ ಮೇಲೆ ಜಾರುವ ರಿಂಗುಗಳಿಗೆ ಕಟ್ಟಿರುತ್ತಾರೆ, ಕಾಲು ತಪ್ಪಿದರೆ ಅವೇ ಕಾಯುವುದು ಎಂದು ನೀನೇ ತಿಳಿಸಿ ಹೇಳಿದ್ದೆ. ಬೆಸುಗೆ ಹಾಕಿದ್ದು ಬೇಡ, ಒಂದು ಗೀರೂ ಇರಬಾರದು ಎಂದು ನೀನು ತಿಂಗಳುಗಟ್ಟಲೆ ಹುಡುಕಿ ಆ ಜೋಡಿ ರಿಂಗುಗಳನ್ನು ತರಿಸಿದೆ. ಇಷ್ಟು ಮುತುವರ್ಜಿಯಿಂದ ಗಂಡು ನೋಡಿದ್ದರೆ ಮೊಮ್ಮಗು ಆಡುತ್ತಿತ್ತು ಎಂದು ಕೊಂಕು ನುಡಿದವಳೂ ನಾನೇ.

ನಮ್ಮ ಮನೆಯ ಯಾವ ಪಾತ್ರೆ ಹೆಸರಿಲ್ಲದೆ ಹೊಸ್ತಿಲು ದಾಟಿದೆ ಹೇಳು? ಹೆಸರಿದ್ದರೆ ಮದುವೆ ಮನೆಗೆ ಹೋದ ಕೊಳಗವೂ ತಿರುಗಿ ಬರುತ್ತದೆ. ನೀನೂ ಹಾಗೇ ಮನೆಗೆ ಬರಲಿ ಎಂದು, ನೀನು ಮಲಗಿದ್ದಾಗ ರಿಂಗುಗಳನ್ನು ಪಾತ್ರೆ ಅಂಗಡಿಯ ಮೊಗುಲಪ್ಪನ ಬಳಿ ಒಯ್ದೆ. "ಇದ್ರಾಗ ಏನ್ ಕುದಸ್ತೀರಿ ಅಮ್ಮಾರ?" ಎಂದು ನಕ್ಕ. ತೆಲಂಗಾಣ ರಾಜ್ಯ ಬಂದು ವರ್ಷವಾದ ಖುಷಿಗೆ ಪುಕ್ಕಟೆಯಾಗಿ ಕೊರೆದುಕೊಟ್ಟ. ಗೀರು ಎಂದರೆ ಬಿದ್ದಾಗ ಆಗುವುದು ಎಂದುಕೊಂಡಿದ್ದೆ. ಹೆಸರೂ ಗೀರೇ ಎಂದು ನನ್ನ ಮಂಕು ತಲೆಗೆ ಹೊಳೆಯಲಿಲ್ಲ.

ನೋಡಲೆಂದು ನಾನೂ ಬಂದಿದ್ದ ಆ ದಿನ ಗುಡ್ಡದ ಮೇಲೆ ನೀನು ಎಂದಿನಂತೆ ರಿಂಗಿನ ಸುತ್ತ ಬೆರಳಾಡಿಸಿದೆ. ಬೆರಳು ನಿಂತಿತು. "ಇಂದಿರಾಬಾಯಿ, ನಾರಾಯಣಪೇಟ್" ಎಂದು ಓದಿದೆ. ಗೆಳೆಯರೆಲ್ಲ ನಕ್ಕರು, ನೀನು ನಗಲಿಲ್ಲ. "ಜಗ್ಗಿದಾಗ ಇಲ್ಲಿಂದನ ಸೀಳತದಮ್ಮಾ" ಎಂದೆ. ಬೇರೆ ರಿಂಗು ಇರಲಿಲ್ಲ. ವರ್ಷವೆಲ್ಲ ಕಾದ ನಡಿಗೆ ನಿಂತೇಹೋಯಿತು. ಅವರು ಪಟ್ಟಿ ಸುತ್ತುವಾಗ ನಾನು ಕೈಮುಗಿದು "ರಾಯರು ದೊಡ್ಡವರು" ಎಂದುಬಿಟ್ಟೆ. ನೀನು ನನ್ನ ಮುಖವನ್ನೇ ನೋಡಿ ಕೇಳಿದೆ: "ಅಮ್ಮಾ, ಬೇಕಂತ ಮಾಡೀಯೇನು?"

ರಾಯರಾಣೆ, ಬೇಕೆಂದು ಮಾಡಲಿಲ್ಲ. ಆದರೆ ನಿನ್ನ ಕಣ್ಣಲ್ಲಿ ನೀರು ತುಂಬಿದ್ದಾಗ ನನ್ನ ಎದೆ ತಣ್ಣಗಾಗಿತ್ತು. ನನಗೆ ನಿಜವಾಗಿ ನಾಚಿಕೆಯಾಗುವುದು ಅದಕ್ಕೆ. ಮಗಳ ಆಸೆ ಮುರಿದದ್ದಕ್ಕೆ ಹಿಗ್ಗಿದವಳು ಎಂಥ ತಾಯಿ?

ಅಂದಿನಿಂದ ಯಾವಾಗ ನಡೆಯುತ್ತೀ ಎಂದು ನೀನು ಹೇಳುವುದಿಲ್ಲ. ನೀನು ಈಗಿರುವ ಗದ್ವಾಲದಿಂದ ಫೋನು ಮಾಡಿ "ರೂಮಿನಾಗ ಇದ್ದೀನಮ್ಮಾ" ಎನ್ನುತ್ತೀ. ಹಿಂದೆ ಗಾಳಿ ಭೋರೆನ್ನುವುದು ನನಗೆ ಕೇಳುತ್ತದೆ. ಸುಳ್ಳು ಹೇಳದ ಹುಡುಗಿಗೆ ಸುಳ್ಳು ಕಲಿಸಿದವಳು ನಾನು.

ಗುಡ್ಡಕ್ಕೆ ಇನ್ನು ಬರುವುದಿಲ್ಲ, ನಿನ್ನ ಸಾಮಾನು ಮುಟ್ಟುವುದಿಲ್ಲ, ಬೇಡವೆನ್ನುವುದೂ ಇಲ್ಲ. ನಡೆಯುವ ದಿನ ಯಾವುದೆಂದು ಮಾತ್ರ ಹೇಳು ಮಗಳೇ. ಆ ಒಂದು ದಿನ ಹೆದರಿ ಮುಗಿಸುತ್ತೇನೆ. ಈಗ ದಿನಾ ಹೆದರುತ್ತಿದ್ದೇನೆ.

ನಿನ್ನ ಹೆಜ್ಜೆಗಳನ್ನು ರಾಯರು ಕಾಯಲಿ.

ತಲೆ ತಗ್ಗಿಸಿ ಕೂತಿರುವ ನಿನ್ನ ಅಮ್ಮ,
ಇಂದಿರಾ