ಬೀಗದೊಳಗಿನ ಇಕ್ಕಳ, ದುರುಗಕ್ಕನ ದವಡೆ

ಜಿಲ್ಲೆಯ ವೈದ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನನ್ನ ಹೆಂಡತಿ ದುರುಗಕ್ಕ ಒಂಬತ್ತು ದಿನಗಳಿಂದ ಬಾಯಿ ತೆರೆಯಲಾರದೆ ಮಲಗಿದ್ದಾಳೆ. ಕೆಳದವಡೆಯ ಒಂದು ಹಲ್ಲು ಕೀವು ಕಟ್ಟಿ, ಕೆನ್ನೆ ಕಣ್ಣಿನವರೆಗೆ ಊದಿದೆ. ಅದನ್ನು ಕೀಳುವ ಇಕ್ಕಳ ನಮ್ಮೂರ ಆಸ್ಪತ್ರೆಯ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆಗೆ ಬೀಗ, ಬೀಗದ ಕೈ ತಮ್ಮ ಕಚೇರಿಯಲ್ಲಿ. ಅದನ್ನು ಕಳುಹಿಸಿರೆಂದು ಬರೆದ ಅರ್ಜಿಗೆ ತಾವು ದಯಪಾಲಿಸಿದ ಉತ್ತರ ನನ್ನ ಮುಂದಿದೆ: "ಅರವತ್ತು ದಾಟಿದವರ ಹಲ್ಲು ಉದುರುವುದು ಪ್ರಕೃತಿಧರ್ಮ. ಹಲ್ಲಿನ ಉಪಕರಣಗಳು ಶಾಲಾ ಮಕ್ಕಳಿಗೂ ಸರ್ಕಾರಿ ನೌಕರರಿಗೂ ಮೀಸಲು."

ಎಂಥ ಜ್ಞಾನ! ಉದುರಿದ್ದರೆ ನಾನೇಕೆ ಅರ್ಜಿ ಬರೆಯುತ್ತಿದ್ದೆ ಸ್ವಾಮಿ? ಉದುರುತ್ತಿಲ್ಲ ಎಂಬುದೇ ನಮ್ಮ ಗೋಳು. ಪ್ರಕೃತಿಯೂ ತಮ್ಮ ಕಚೇರಿಯಲ್ಲಿ ಕೆಲಸ ಕಲಿತಿರಬೇಕು, ಅಷ್ಟು ನಿಧಾನ. ಅರವತ್ತು ದಾಟಿದ ಮೇಲೆ ಹಸಿವೂ ನಿಲ್ಲುತ್ತದೆಂದು ಮದರಾಸಿನ ಸರ್ಕಾರದಿಂದ ಹುಕುಂ ಬಂದಿದೆಯೇ?

ತಮ್ಮನ್ನಷ್ಟೇ ದೂರಿ ನಾನು ಸಾಚಾ ಆಗಲಾರೆ. ರಾಯದುರ್ಗದ ಸೀಮೆಯ ಕುರಿ ಸಂತೆಗಳಲ್ಲಿ ನಾನು ದಲ್ಲಾಳಿ. ಕುರಿಯ ಕೆಳತುಟಿ ಬಿಡಿಸಿ, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಎಲ್ಲ ಹಲ್ಲೂ ಬಂದು ಬಾಯಿಗೂಡಿದ್ದು ಎಂದು ವಯಸ್ಸು ಹೇಳುವುದು ನನ್ನ ಕಸುಬು. ಹಲ್ಲು ಸವೆದ ಕುರಿ ಮೇಯಲಾರದು. ಅದನ್ನು ಬೇರೆ ಮಾಡಿ ಕಟುಕರ ಕಡೆಗೆ ತಳ್ಳುವುದು ರೂಢಿ. "ಹಲ್ಲು ಹೋದ ಕುರಿಗೆ ಹಟ್ಟ್ಯಾಗ ಜಾಗ ಇಲ್ಲ" ಎಂದು ಮನೆಯ ಕಟ್ಟೆಯ ಮೇಲೆ ಕೂತು ನಲವತ್ತು ವರ್ಷ ನಗಾಡಿದ್ದೇನೆ. ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಕೇಳಿಸಿಕೊಳ್ಳುತ್ತಿದ್ದಳು.

ಹೋದ ಯುಗಾದಿಯ ಹೊತ್ತಿಗೆ ದುರುಗಕ್ಕ ರೊಟ್ಟಿ ಬಿಟ್ಟು ಅಂಬಲಿ ಹಿಡಿದಳು. ಎಲೆ ಅಡಿಕೆಯನ್ನೂ ಬಿಟ್ಟಳು. ಕೇಳಿದರೆ ದೇವರ ಹರಕೆ ಎಂದಳು. ನಾನು ನಂಬಿದೆ; ನಂಬಿದ್ದಲ್ಲದೆ, ನನ್ನ ಹೆಂಡತಿಯ ಭಕ್ತಿ ನೋಡಿರೆಂದು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದೆ. ಅವಳು ಹಲ್ಲಿನ ಸಂದಿಗೆ ಹೊಗೆಸೊಪ್ಪು ತುರುಕಿಕೊಂಡು ನಾಲ್ಕು ತಿಂಗಳು ನೋವು ನುಂಗಿದ್ದಳು. ಕೆನ್ನೆ ಊದಿದ ದಿನ, ಯಾಕೆ ಹೇಳಲಿಲ್ಲವೆಂದು ಗದರಿಸಿದೆ. ಆಗ ಇನ್ನೂ ಮಾತಾಡುತ್ತಿದ್ದಳು.

"ಹಲ್ಲು ಹೋದ ಕುರಿಗೆ ಜಾಗ ಇಲ್ಲಂತ ನೀವಽ ಅಂತಿದ್ರಲ್ರಿ. ಮತ್ತ ನನ್ನ ಬಾಯಿ ಯಾಕ ತೋರಿಸ್ಲಿ?"

ತಮಾಷೆಗೆ ಅಂದಳೋ, ನಿಜವಾಗಿಯೂ ಹೆದರಿದ್ದಳೋ ತಿಳಿಯದು. ಈಗ ಕೇಳಿದರೆ ಉತ್ತರ ಹೇಳಲು ಅವಳಿಗೆ ಬಾಯಿಲ್ಲ.

ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಡಾಕ್ಟರರಿಗೆ ವರ್ಗವಾಗಿ ಆರು ತಿಂಗಳು. ಇರುವವರು ಕಾಂಪೌಂಡರ್ ಪಂಚಾಕ್ಷರಯ್ಯ ಒಬ್ಬರೇ. "ಹಲ್ಲು ಕೀಳಾಕ ನನಗ ಬರತೈತ್ರಿ ಓಬಳಪ್ಪ, ಡಾಕ್ಟ್ರು ಕಲಿಸ್ಯಾರ. ಆದ್ರ ಬೀಗ ಒಡದ್ರ ನನ್ನ ನೌಕ್ರಿ ಹೋಗತೈತಿ," ಎಂದು ಅವರೇ ಕಣ್ಣೊರೆಸಿಕೊಂಡರು. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಏಕೆ ಒಯ್ಯಲಿಲ್ಲವೆಂದು ತಾವು ಕೇಳಬಹುದು. ರೈಲಿನವರೆಗೆ ಮುಟ್ಟಿಸೋಣವೆಂದು ಗಾಡಿ ಕಟ್ಟಿದೆ. ಊರ ಮುಂದಿನ ಹಳ್ಳ ದಾಟುವುದರೊಳಗೆ ಕುಲುಕಾಟಕ್ಕೆ ಪ್ರಜ್ಞೆ ತಪ್ಪಿದಳು. ಗಾಡಿ ತಿರುಗಿಸಿದೆ. ಈಗ ಮೈ ಕೆಂಡದಂತೆ ಸುಡುತ್ತಿದೆ. ಬಟ್ಟೆಯ ತುದಿ ಅದ್ದಿ ಹಿಂಡಿದ ಅಂಬಲಿಯೂ ಕಟವಾಯಿಯಿಂದ ಹೊರಗೆ ಹರಿಯುತ್ತದೆ.

ವಯಸ್ಸು ನೋಡಿ ಬೇರೆ ಮಾಡುವ ವಿದ್ಯೆಯಲ್ಲಿ ತಾವು ನನ್ನನ್ನು ಮೀರಿಸಿದ್ದೀರಿ. ಆದರೂ ಒಂದು ಮಾತು. ನಾನು ಕುರಿಯನ್ನು ತಳ್ಳುವ ಮುನ್ನ ಅದರ ಬಾಯಿಯನ್ನಾದರೂ ಬಿಡಿಸಿ ನೋಡುತ್ತೇನೆ. ತಾವು ಬರೀ ಕಾಗದದ ಮೇಲಿನ ಅಂಕಿ ನೋಡಿ ತಳ್ಳಿದಿರಿ.

ನನ್ನ ಬೇಡಿಕೆ ಇಷ್ಟೇ: ಬೀಗದ ಕೈ, ಜೊತೆಗೆ ಹಲ್ಲು ಕೀಳಲು ಕಾಂಪೌಂಡರಿಗೆ ಒಂದು ಸಾಲಿನ ಅಪ್ಪಣೆ. ಶನಿವಾರದ ಟಪಾಲು ಬರುವವರೆಗೆ ಕಾಯುತ್ತೇನೆ. ಬಾರದಿದ್ದರೆ ಆ ಬೀಗವನ್ನು ನಾನೇ ಒಡೆದು, ಇಕ್ಕಳವನ್ನು ಕಾಂಪೌಂಡರ ಕೈಗಿಡುತ್ತೇನೆ. ಪಂಚಾಕ್ಷರಯ್ಯನವರ ತಪ್ಪು ಅದರಲ್ಲಿಲ್ಲ. ಇದನ್ನೇ ನನ್ನ ತಪ್ಪೊಪ್ಪಿಗೆಯೆಂದು ಪೊಲೀಸರಿಗೆ ಕೊಡಿ. ಒಂದು ಪ್ರತಿಯನ್ನು ಆಸ್ಪತ್ರೆಯ ಬಾಗಿಲಿಗೂ ಅಂಟಿಸಿದ್ದೇನೆ. ಜೈಲಿಗೆ ಹೋಗುವ ಮುನ್ನ ದುರುಗಕ್ಕನಿಗೆ ಹೇಳಬೇಕಾದದ್ದು ಒಂದಿದೆ: ನಮ್ಮ ಹಟ್ಟಿಯಲ್ಲಿ ಅವಳಿಗೆ ಜಾಗವಿದೆ. ಅದನ್ನು ಕೇಳುವುದಕ್ಕಾದರೂ ಅವಳು ಉಳಿಯಬೇಕು.

ಇಂತಿ,
ಸಂತೆಯ ಕುರಿಗಳ ಬಾಯನ್ನೆಲ್ಲ ನೋಡಿ, ಮನೆಯವಳ ಬಾಯಿ ನೋಡದೆ ಹೋದ
ದಲ್ಲಾಳಿ ಓಬಳಪ್ಪ
ಈಶ್ವರ ಸಂವತ್ಸರದ ಶ್ರಾವಣ, ೧೯೩೭