ವೈಟ್ನರ್ ಬಾಟಲಿ

ಜೂನ್ 14, ಶುಕ್ರವಾರ

ಕೆಲಸ ಹೋಗಲಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ.

ನೀರು ಶುದ್ಧೀಕರಣ ಘಟಕದ ಲ್ಯಾಬಿಗೆ ಸೇರಿ ಇಪ್ಪತ್ತು ದಿನ. ಗಂಟೆಗೊಮ್ಮೆ ನೀರಿನಲ್ಲಿರುವ ಕ್ಲೋರಿನ್ ಅಳೆದು ರಿಜಿಸ್ಟರಿನಲ್ಲಿ ಬರೆಯಬೇಕು. ನಿನ್ನೆ 0.3 ಬರೆಯಬೇಕಾದಲ್ಲಿ 0.8 ಬರೆದೆ. ಕೈ ತಾನಾಗಿಯೇ ಬ್ಯಾಗಿಗೆ ಹೋಗಿ ವೈಟ್ನರ್ ತೆಗೆಯಿತು. ಶಾಲೆಯಲ್ಲಿ ಅಚ್ಚುಕಟ್ಟಾದ ನೋಟ್ಸಿಗೆ ಮೂರು ವರ್ಷ ಬಹುಮಾನ ಗೆದ್ದ ಕೈ ಅಲ್ಲವೇ! ಪುಟದಲ್ಲಿ ಒಂದು ಚಿತ್ತು ಕಂಡರೂ ಟೀಚರ್ ಅಂಕ ಕಳೆಯುತ್ತಿದ್ದರು. ಬಳಿದಾದ ಮೇಲೆ ಕೆಲಸವೇ ಹೋಗುತ್ತದೇನೋ ಎಂಬ ಭಯ ಹತ್ತಿ, ನಿನ್ನೆ ರಾತ್ರಿ ಊಟವೇ ಸೇರಲಿಲ್ಲ.

ಇವತ್ತು ಲ್ಯಾಬಿನ ಹಿರಿಯ ಮೇಡಂ ಆ ಪುಟವನ್ನು ಬೆಳಕಿಗೆ ಹಿಡಿದರು. "ಈ ಬಿಳಿ ಬಳಿದಿದ್ದು ಯಾರು?"

"ನಾನೇ ಮೇಡಂ. ತಪ್ಪಾಗಿತ್ತು."

"ತಪ್ಪು ಎಲ್ರಿಂದಲೂ ಆಗುತ್ತೆ ಕಣಮ್ಮ. ಮುಚ್ಚಿಟ್ರೆ ಕೆಳಗೇನಿತ್ತು ಅಂತ ನಾಳೆ ಯಾರಿಗೆ ಗೊತ್ತಾಗುತ್ತೆ? ಇದು ಜನ ಕುಡಿಯೋ ನೀರು. ಒಂದು ಗೆರೆ ಎಳಿ, ಪಕ್ಕದಲ್ಲಿ ಸರಿಯಾದದ್ದು ಬರಿ, ಸಹಿ ಹಾಕು. ಅಷ್ಟೇ."

ಆಮೇಲೆ ತಾವು ಕೆಲಸಕ್ಕೆ ಸೇರಿದ ವರ್ಷದ ರಿಜಿಸ್ಟರ್ ತೆಗೆದು ತೋರಿಸಿದರು. ಮೊದಲ ಪುಟದಲ್ಲೇ ಐದು ಚಿತ್ತು, ಐದರ ಪಕ್ಕದಲ್ಲೂ ಅವರ ಸಹಿ. ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರೂ ಬಂತು.

ಶಾಲೆಯನ್ನು ಪೂರ್ತಿ ಬೈಯಲಾರೆ, ದಶಮಾಂಶ ಕಲಿಸಿದ್ದು ಅದೇ. ಆದರೆ ತಪ್ಪಿನ ಪಕ್ಕ ನಿನ್ನ ಹೆಸರು ಬರೆ ಎಂದು ಅಲ್ಲಿ ಒಬ್ಬರೂ ಹೇಳಲಿಲ್ಲ.

ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡೆ. "ನಿನ್ನೆ ಏನಾಗಿತ್ತೇ ನಿಂಗೆ?" ಅಂದಳು ಅಮ್ಮ. ಎಲ್ಲ ಹೇಳಿದೆ.

ನಿದ್ದೆ ಎಳೆಯುತ್ತಿದೆ. ವೈಟ್ನರನ್ನು ತಂಗಿಗೆ ಕೊಟ್ಟುಬಿಟ್ಟೆ. ಅವಳಿಗಿನ್ನೂ ಎರಡು ವರ್ಷ ಶಾಲೆ ಇದೆ.