ಕೋಲು ಮುರಿಯುವ ಕೈ

ಮಾರ್ಚ್ 3, ಬೆಳಿಗ್ಗೆ
ಕರಿಕೋಲಿಗೆ ಎಣ್ಣೆ ಹಚ್ಚಿದ್ದಾಯಿತು. ಬೆಳ್ಳಿಯ ಕಟ್ಟು ಸ್ವಲ್ಪ ಸಡಿಲ. ದರ್ಬಾರಿಗೆ ಅರಸರ ಮುಂದೆ ಇದನ್ನು ಹಿಡಿದು ನಡೆಯುವುದು, ಅವರು ತೀರಿಕೊಂಡರೆ ಶವಪೆಟ್ಟಿಗೆಯ ಮೇಲೆ ಮುರಿಯುವುದು — ನಮ್ಮ ವಂಶದ ಕೆಲಸ ಇಷ್ಟೇ. ಮುರಿಯುವ ತನಕ ಬೇರೆ ಯಾರೂ ಅರಸರಲ್ಲ. ತಮ್ಮ ಅಣಕಿಸುತ್ತಾನೆ: "ಒಂದು ಕೋಲು ಹೊರೋಕೆ ಇಷ್ಟೊಂದು ಜಂಭಾನಾ ಅಣ್ಣಾ?" ಹೊಟ್ಟೆಕಿಚ್ಚು. ಇರಲಿ.

ಮಾರ್ಚ್ 4
ದರ್ಬಾರಿನಲ್ಲೇ ಗುಂಡು. ಸೇನಾಪತಿಯೇ ಹೊಡೆದ. ಅರಸರು ನನ್ನ ಬೆನ್ನ ಮೇಲೇ ಕುಸಿದರು. ಯೂನಿಫಾರ್ಮಿನ ರಕ್ತ ಹೋಗುತ್ತಿಲ್ಲ... ಮಗಳು ಉಜ್ಜಿ ಉಜ್ಜಿ ಕೊನೆಗೆ ಅತ್ತಳು. ಮನೆ ಸುತ್ತ ಕಾವಲು.

ಮಾರ್ಚ್ 6
ಸೇನಾಪತಿ ಮನೆಗೇ ಬಂದ. "ನಾಳೆ ಕೋಲು ಮುರೀರಿ. ನಾಡಿದ್ದು ನನಗೆ ಪಟ್ಟ." ಕೊಲೆಗಡುಕನ ಬಾಯಲ್ಲಿ ಮರ್ಯಾದೆ ಬೇರೆ! ಮೈ ಉರಿಯಿತು. "ಅರಸರ ಮಗ ಇನ್ನೂ ಬದುಕಿದ್ದಾನೆ ಕಣೋ. ನಿನಗೋಸ್ಕರ ಮುರಿಯಲ್ಲ" ಎಂದೆ. ಇಬ್ಬರು ನನ್ನ ಬಲಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದರು. ಮೂರನೆಯವನು ಬಂದೂಕು ತಿರುಗಿಸಿ ಹಿಡಿದ.

ಮಾರ್ಚ್ 11, ಬೆಳಿಗ್ಗೆ
ಎಡಗೈ ಬರಹ; ಆರನೇ ತಾರೀಖಿನದ್ದನ್ನೂ ಈಗಲೇ ಬರೆದೆ. ಕೋಳಿ ಕೆದಕಿದ ಹಾಗಿದೆ. ಬಲಗೈಯ ಒಂದು ಬೆರಳೂ ನೆಟ್ಟಗಿಲ್ಲ. ಕೋಲು ಮುರಿಯಬೇಕಾದ್ದು ನಮ್ಮ ರಕ್ತದವರ ಬಲಗೈಯೇ. ಬೇರೆಯವರು ಮುರಿದರೆ ಹೊಸ ಅರಸನಿಗೆ ಸೈನಿಕರೇ ಸೆಲ್ಯೂಟ್ ಹೊಡೆಯುವುದಿಲ್ಲ. ಪೆದ್ದರು ಅದನ್ನೇ ಜಜ್ಜಿ ಹಾಕಿದ್ದಾರೆ! ನೋವಿನಲ್ಲೂ ನಗು ಬಂತು.

ಸಂಜೆ
ತಮ್ಮ ಬಂದ — ನನ್ನ ಯೂನಿಫಾರ್ಮ್ ಹಾಕಿಕೊಂಡು.
"ನಾನು ಮುರೀತೀನಿ. ಕೋಲು ಕೊಡು."
"ಕೊಂದವನಿಗಾ?"
"ಸತ್ತವರು ಬಂದು ಅನ್ನ ಹಾಕ್ತಾರಾ ಅಣ್ಣಾ?"
ಬಲಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಮೈಭಾರವೆಲ್ಲ ಹಾಕಿ ಬಾಗಿಲು ದೂಡಿದೆ. ಮೂಳೆ ಮುರಿದದ್ದು ಕೇಳಿಸಿತು. ಮತ್ತೊಮ್ಮೆ ದೂಡಿದೆ. ಅದು ಬೇಕಿರಲಿಲ್ಲ. ಅದೇ ಕೈ ಹಿಡಿದು ಅವನಿಗೆ ಈಜು ಕಲಿಸಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಮಾರ್ಚ್ 12
"ನಿಮ್ಮ ರಕ್ತದೋರು ಇನ್ಯಾರಿದ್ದಾರೆ?" — ಮಹಡಿಯ ನನ್ನ ಕೋಣೆಗೇ ಬಂದು ಸೇನಾಪತಿ ಕೇಳಿದ. ತಮ್ಮ ಬ್ಯಾಂಡೇಜಿನ ಕೈ ಎದೆಗೊತ್ತಿಕೊಂಡು ನನ್ನನ್ನೇ ನೋಡಿದ. "ಅಣ್ಣನ ಮಗಳಿದ್ದಾಳೆ" ಎಂದ.
ಕೆಳಗೆ ಅವಳನ್ನು ಏನು ಹೆದರಿಸಿದರೋ. ಒಪ್ಪಿಬಿಟ್ಟಿದ್ದಾಳೆ. ಮೆಟ್ಟಿಲಿನಿಂದಲೇ ಕೂಗುತ್ತಿದ್ದಾಳೆ: "ಇಲ್ಲಾಂದ್ರೆ ನಿಮ್ಮನ್ನ ಸಾಯಿಸ್ತಾರಂತೆ ಅಪ್ಪಾ! ಕೋಲು ಕೊಡಿ."
ಸಾಯಿಸಲಿ. ಅವಳ ಕೈಯಿಂದ ಆ ಕೊಲೆಗಡುಕನಿಗೆ ಪಟ್ಟವೇ? ಬಾಗಿಲು ತೆರೆದಿದೆ. ಒಳಗೆ ಬಂದುಬಿಡು ಮಗಳೇ, ಚೌಕಟ್ಟು ಹಿಡಿದು ನಿಲ್ಲಬೇಡ. ನಾನು ಆಗಲೇ ಎದ್ದು ಬಾಗಿಲ ಹತ್ತಿರ